ಗೆಳೆಯನಿಗೊಂದು ಪತ್ರ: ಊರಿನವರಿಗೇ ಟೆಂಡರ್ ಕೊಡಿ ಅನ್ನುವ ಮೊದಲು

ಗೆಳೆಯಾ,

ನಿನ್ನ ಮನವಿಯ ಕರಡು ಓದಿದೆ. ನಗರಸಭೆಯ ಟೆಂಡರುಗಳಲ್ಲಿ ಊರಿನ ಗುತ್ತಿಗೆದಾರರಿಗೆ, ಊರಿನ ಸಣ್ಣ ಕಂಪನಿಗಳಿಗೆ ದರದಲ್ಲಿ ಶೇ 10ರ ರಿಯಾಯಿತಿ ಬೇಕು ಅಂತ ಕೇಳಿದ್ದೀಯ. ಊರಿನ ತೆರಿಗೆ ದುಡ್ಡು ಊರಲ್ಲೇ ಓಡಾಡಲಿ ಅನ್ನುವ ಆಸೆಯಲ್ಲಿ ತಪ್ಪೇನೂ ಇಲ್ಲ, ಆ ವಿಷಯದಲ್ಲಿ ನಾನು ನಿನ್ನ ಕಡೆಗೇ. ಆದರೆ ಈ ಶೇ 10ರಿಂದ ಸಣ್ಣವರ ಕೈಗೆ ಹೆಚ್ಚೇನೂ ಸಿಗಲ್ಲ ಅನ್ನುವುದು ನನ್ನ ತಕರಾರು. ನಾಲ್ಕು ಜನರ ಸಹಿ ಬೀಳುವ ಮೊದಲೇ ಜಗಳ ಆಡಿ ಮುಗಿಸೋಣ ಅಂತ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ನೋಡು. ಹೊರಗಿನವನು 100ಕ್ಕೆ ಕೋಟ್ ಮಾಡಿದ, ಊರಿನವನು 108ಕ್ಕೆ ಅಂತ ಇಟ್ಟುಕೋ. ಹೋಲಿಸುವಾಗ ಊರಿನವನ ದರದಲ್ಲಿ ಶೇ 10 ಕಳೆದು 97.20 ಅಂತ ಹಿಡಿಯುತ್ತಾರೆ. ಅವನೇ ಎಲ್1 ಆದ, ಅಂದರೆ ಎಲ್ಲರಿಗಿಂತ ಕಡಿಮೆ ದರದವನು. ಆದರೆ ಈ ಕಡಿತ ಇರುವುದು ಹೋಲಿಕೆಯ ಪಟ್ಟಿಯಲ್ಲಿ ಮಾತ್ರ. ಬಿಲ್ಲು ಬಂದಾಗ ನಗರಸಭೆ ಕೊಡಬೇಕಾದ್ದು 108. ಆ ಹೆಚ್ಚಿನ 8 ಬರುವುದು ಊರಿನ ತೆರಿಗೆದಾರರ ಜೇಬಿನಿಂದಲೇ ಅಲ್ವಾ? ಅವನು ಊರಿನವರನ್ನೇ ಕೆಲಸಕ್ಕೆ ಇಟ್ಟುಕೊಂಡು, ಸಾಮಾನೂ ಇಲ್ಲೇ ಕೊಂಡರೆ ಅದು ತಿರುಗಿ ಬಂದೀತು. ಸಾಮಾನೂ ಹೊರಗಿನದು, ಕೆಲಸಗಾರರೂ ಹೊರಗಿನವರು ಅಂದರೆ ಊರಿಗೆ ಉಳಿಯುವುದು ಅವನ ಲಾಭ ಒಂದೇ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಣ್ಣ ಸ್ಥಳೀಯ ಕಂಪನಿಗಳಿಗೆ ಇಂಥದ್ದೇ ಶೇ 10ರ ಕಡಿತ ಇದೆ, ನಿನ್ನ ಅಂಕಿಯೂ ಬಹುಶಃ ಅಲ್ಲಿಂದಲೇ ಬಂದಿರಬೇಕು.

ಇನ್ನು ಊರಿನವನು ಅಂದರೆ ಯಾರು? ನಿನ್ನ ಕರಡಿನಲ್ಲಿ 'ಊರಿನಲ್ಲಿ ಕಚೇರಿ ಇರಬೇಕು' ಅಂತಿದೆ, ಅಷ್ಟೇ. ಒಂದು ಕೋಣೆ ಬಾಡಿಗೆಗೆ ಹಿಡಿದು, ಬಾಗಿಲ ಮೇಲೆ ಬೋರ್ಡು ತಗುಲಿಸಿ, ಬೀಗ ಹಾಕಿಕೊಂಡು ಹೋದರೆ ಅದೂ ಕಚೇರಿಯೇ. ದೊಡ್ಡ ಕಂಪನಿಗೆ ಅದು ಒಂದು ಮಧ್ಯಾಹ್ನದ ಕೆಲಸ.

ಪಕ್ಕದ ಊರಿನವರು ಸುಮ್ನೆ ಕೂರುತ್ತಾರೆ ಅಂದುಕೊಂಡೆಯಾ? ಅಮೆರಿಕದ ಹಲವು ರಾಜ್ಯಗಳಲ್ಲಿ ಇದಕ್ಕೆ ಎದುರೇಟಿನ ಕಾನೂನೇ ಇದೆ. ಹೊರ ರಾಜ್ಯದ ಕಂಪನಿ ಟೆಂಡರ್ ಹಾಕಲು ಬಂದರೆ, ಅದರ ರಾಜ್ಯ ತನ್ನವರಿಗೆ ಎಷ್ಟು ಆದ್ಯತೆ ಕೊಡುತ್ತದೋ ಅಷ್ಟನ್ನೇ ಆ ಕಂಪನಿಯ ಮೇಲೆ ಹೇರುತ್ತಾರೆ. ನಿನ್ನ ಊರಿನ ಒಳ್ಳೆ ಗುತ್ತಿಗೆದಾರ ಹೊರಗೆ ಹೋದಾಗ ಅದನ್ನು ಅನುಭವಿಸಬೇಕು. ಅದೂ ಅಲ್ಲದೆ ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಅನುದಾನದ ಕೆಲಸಗಳಲ್ಲಿ ಊರು ನೋಡಿ ಆದ್ಯತೆ ಕೊಡುವುದಕ್ಕೇ ಬಹಳ ವರ್ಷ ನಿಷೇಧ ಇತ್ತು. ಅದನ್ನು ಸಡಿಲಿಸಿದ್ದು 2024ರಲ್ಲಿ.

ನೀನು ನಿಜಕ್ಕೂ ನೋಡಬೇಕಾದ್ದು ಇಂಗ್ಲೆಂಡಿನ ಪ್ರೆಸ್ಟನ್. 2011ರಲ್ಲಿ ಆ ಊರು ವರ್ಷಗಟ್ಟಲೆ ನಂಬಿಕೊಂಡಿದ್ದ ದೊಡ್ಡ ಶಾಪಿಂಗ್ ಯೋಜನೆ ಮುರಿದುಬಿತ್ತು. ಹೊರಗಿನಿಂದ ದುಡ್ಡು ಬರುತ್ತದೆ ಅಂತ ಕಾದು ಪ್ರಯೋಜನ ಇಲ್ಲ ಅಂತ ಗೊತ್ತಾದ ಮೇಲೆ ನಗರಸಭೆ, ಕೌಂಟಿ ಕೌನ್ಸಿಲ್ (ನಮ್ಮ ಜಿಲ್ಲಾ ಪಂಚಾಯಿತಿಯಂಥದ್ದು), ಪೊಲೀಸ್ ಇಲಾಖೆ, ಕಾಲೇಜು, ವಸತಿ ಸಂಸ್ಥೆ ಎಲ್ಲ ಸೇರಿ ಆರು ಸಂಸ್ಥೆಗಳು ತಮ್ಮ ಖರೀದಿ ದುಡ್ಡು ಎಲ್ಲಿಗೆ ಹೋಗುತ್ತಿದೆ ಅಂತ ಲೆಕ್ಕ ತೆಗೆದವು. 2012-13ರಲ್ಲಿ ಅದರಲ್ಲಿ ಊರೊಳಗೆ ಉಳಿದದ್ದು ಬರೀ ಶೇ 5. 2016-17ಕ್ಕೆ ಅದು ಶೇ 18 ದಾಟಿತು. ಸುತ್ತಲಿನ ಲ್ಯಾಂಕಷೈರ್ ಕೌಂಟಿ ಸೇರಿಸಿದರೆ ಶೇ 39 ಇದ್ದದ್ದು ಶೇ 79 ಆಯಿತು.

ಆಗ ಅಲ್ಲಿ ಯುರೋಪಿನ ಖರೀದಿ ಕಾನೂನು ಜಾರಿಯಲ್ಲಿತ್ತು. ಊರು ನೋಡಿ ಅಂಕ ಕೊಡುವ ಹಾಗೇ ಇರಲಿಲ್ಲ. ಹಾಗಾಗಿ ಅವರು ಟೆಂಡರನ್ನೇ ಒಡೆದರು. ಶಾಲೆಯ ಊಟದ ಸರಬರಾಜು ಒಂದೇ ದೊಡ್ಡ ಗುತ್ತಿಗೆಯಾದರೆ ದೊಡ್ಡ ಕಂಪನಿಗೆ ಮಾತ್ರ ನಿಲುಕುತ್ತದೆ. ಕೌಂಟಿ ಕೌನ್ಸಿಲ್ ಅದನ್ನು ಹಾಲು, ಮೊಟ್ಟೆ, ಚೀಸ್, ಮೊಸರು ಅಂತ ತುಂಡು ಮಾಡಿ ಕರೆಯಿತು. ಮೊಟ್ಟೆ ಮಾರುವವನು ಮೊಟ್ಟೆಗೆ ಮಾತ್ರ ದರ ಹಾಕಿದರೆ ಸಾಕು. ಎಲ್ಲ ತುಂಡುಗಳನ್ನೂ ಅಲ್ಲಿಯವರೇ ಗೆದ್ದರು, ಅದೂ ಒಂದು ಪೈಸೆ ರಿಯಾಯಿತಿ ಇಲ್ಲದೆ!

ಒಡೆದರೆ ಆಫೀಸಿನವರಿಗೆ ಕೆಲಸ ಜಾಸ್ತಿ, ಒಂದು ಫೈಲು ಇದ್ದಲ್ಲಿ ಹತ್ತು ಆಗುತ್ತದೆ, ಗೊತ್ತು. ಮೇಲಿನ ಮಂಜೂರಾತಿ ತಪ್ಪಿಸಿಕೊಳ್ಳಲು ಬೇಕಂತಲೇ ತುಂಡು ಮಾಡುವವರೂ ಇದ್ದಾರೆ. ಅದಕ್ಕೇ ಒಡೆಯುವುದನ್ನು ನಿಯಮದಲ್ಲೇ ಬರೆದು, ಬಹಿರಂಗವಾಗಿ ಮಾಡಬೇಕು. ಯುರೋಪಿನ 2014ರ ನಿರ್ದೇಶನದಲ್ಲಂತೂ ದೊಡ್ಡ ಗುತ್ತಿಗೆಯನ್ನು ಒಡೆಯದಿದ್ದರೆ ಯಾಕೆ ಅಂತ ಕಾರಣ ಕೊಡಬೇಕು ಅಂತಲೇ ಇದೆ. ನಿನ್ನ ಮನವಿಗೆ ಈ ಒಂದು ಸಾಲು ಎತ್ತಿಕೊಂಡರೂ ಸಾಕಾಗಿತ್ತು.

ದರದಲ್ಲೇ ಏನಾದರೂ ಬೇಕು ಅಂತ ಹಟ ಇದ್ದರೆ ಭಾರತದ ಕೇಂದ್ರ ಸರ್ಕಾರದ 2012ರ ಖರೀದಿ ನೀತಿ ನೋಡು. ಅದರಲ್ಲಿ ಊರಿನ ಮಾತಿಲ್ಲ, ಕಂಪನಿ ಸಣ್ಣದೋ ಇಲ್ಲವೋ ಅಷ್ಟೇ. ಸಣ್ಣ ಉದ್ದಿಮೆಯ ದರ ಎಲ್1ಗಿಂತ ಶೇ 15ರ ಒಳಗೆ ಹೆಚ್ಚಿದ್ದರೆ, ಎಲ್1 ದರಕ್ಕೆ ಇಳಿದು ಒಂದು ಪಾಲು ಸರಬರಾಜು ಮಾಡುವ ಅವಕಾಶ ಅದಕ್ಕಿದೆ. ಅವಕಾಶ ಸಣ್ಣವನಿಗೆ, ಬೆಲೆ ಅದೇ. ಇಎಂಡಿಯಿಂದಲೂ, ಅಂದರೆ ಟೆಂಡರ್ ಹಾಕುವಾಗ ಇಡಬೇಕಾದ ಠೇವಣಿಯಿಂದಲೂ ವಿನಾಯಿತಿ ಇದೆ. ನನಗಂತೂ ನಿನ್ನ ಶೇ 10ಕ್ಕಿಂತ ಇದೇ ವಾಸಿ ಅನ್ನಿಸುತ್ತದೆ.

ಈ ಇಎಂಡಿ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡ. ಟೆಂಡರ್ ಪುಸ್ತಕದಲ್ಲಿ ದರದ ಹಾಳೆಗೆ ಬರುವ ಮೊದಲೇ ಸಣ್ಣವನು ಹೊರಗೆ ಬಿದ್ದಿರುತ್ತಾನೆ. ಕಳೆದ ವರ್ಷಗಳ ವಹಿವಾಟು ಇಷ್ಟಿರಬೇಕು, ಇಷ್ಟೇ ದೊಡ್ಡ ಕೆಲಸ ಮೊದಲೇ ಮಾಡಿರಬೇಕು, ಇಎಂಡಿ ಕಟ್ಟಬೇಕು, ಬ್ಯಾಂಕ್ ಗ್ಯಾರಂಟಿ ತರಬೇಕು. ಬಾಗಿಲಲ್ಲೇ ತಡೆದು ನಿಲ್ಲಿಸಿದವನಿಗೆ ಒಳಗಿನ ರಿಯಾಯಿತಿ ಇಟ್ಟುಕೊಂಡು ಏನಾಗಬೇಕು?

ಅದನ್ನೂ ದಾಟಿ ಕೆಲಸ ಹಿಡಿದ ಅಂತಿಟ್ಟುಕೋ, ಆಮೇಲೆ ಬಿಲ್ಲಿನ ಕಾಟ. ದೊಡ್ಡ ಕಂಪನಿ ಆರು ತಿಂಗಳು ಕಾಯುತ್ತದೆ, ಸಣ್ಣವನು ಬಡ್ಡಿಗೆ ತಂದು ಕೂಲಿ ಕೊಡುತ್ತಾನೆ. ಆ ಬಡ್ಡಿಯನ್ನು ಮುಂದಿನ ಟೆಂಡರಿನ ದರದಲ್ಲಿ ಸೇರಿಸುತ್ತಾನೆ. ಆಗ ನಾವೆಲ್ಲ ಊರಿನವರ ದರ ಯಾವಾಗಲೂ ಜಾಸ್ತಿಯೇ ಅನ್ನುತ್ತೇವೆ. ಯುರೋಪಿನಲ್ಲಿ ಸರ್ಕಾರಿ ಕಚೇರಿಗಳಿಗೆ ಸಾಮಾನ್ಯವಾಗಿ 30 ದಿನದ ಗಡುವು, ಭಾರತದಲ್ಲಿ ಸಣ್ಣ ಉದ್ದಿಮೆಗಳಿಗೆ 2006ರ ಕಾಯ್ದೆಯ ಪ್ರಕಾರ ಹೆಚ್ಚೆಂದರೆ 45 ದಿನ, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ನಿನ್ನ ಕರಡು ಪೂರ್ತಿ ಓದಿದೆ, ಬಿಲ್ಲು ಅನ್ನುವ ಮಾತೇ ಎಲ್ಲೂ ಇಲ್ಲ.

ಇವಿಷ್ಟನ್ನು ಸೇರಿಸಿ ತಿದ್ದಿ ಕಳಿಸು, ಸಹಿ ಹಾಕುತ್ತೇನೆ. ಶೇ 10 ಬಿಡಲೇಬಾರದು ಅಂದರೆ ಕಡೇಪಕ್ಷ ಸಣ್ಣ ಕಂಪನಿಗಳಿಗೆ ಮಾತ್ರ ಅಂತ ಬರೆ, ಐದು ವರ್ಷಕ್ಕೆ ಮುಗಿಯಲಿ, ಅಷ್ಟರಲ್ಲಿ ಎಷ್ಟು ಜನ ಹೊಸಬರು ಗೆದ್ದರು ಅಂತ ನಗರಸಭೆ ಪ್ರಕಟಿಸಲಿ.

ಇಂತಿ,
ನಿನ್ನ ತಕರಾರಿನ ಗೆಳೆಯ