ಯುದ್ಧಚಿತ್ರದ ವಿಮರ್ಶೆಯಲ್ಲಿ ಸೈನಿಕರ ಮಾತಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಕಡಿಮೆ ಬಂಡವಾಳದ ಯುದ್ಧಚಿತ್ರಗಳ ಬಗ್ಗೆ ತಮ್ಮ ಸಿನಿಮಾ ಪುರವಣಿಯಲ್ಲಿ ಪ್ರಕಟವಾದ ಪ್ರೇಕ್ಷಕರ ಅಭಿಪ್ರಾಯಗಳನ್ನು ಓದಿದೆ. ಟ್ಯಾಂಕ್‌ಗಳಿಲ್ಲ, ವಿಮಾನಗಳಿಲ್ಲ, ಗ್ರಾಫಿಕ್ಸ್ ಕಳಪೆ, ಕೈಯಲ್ಲಿ ಹಣವಿಲ್ಲದವರು ಯುದ್ಧದ ಕಥೆಗೆ ಏಕೆ ಕೈಹಾಕಬೇಕು ಎಂಬುದು ಹೆಚ್ಚಿನವರ ದೂರು. ಟಿಕೆಟ್‌ಗೆ ದುಡ್ಡು ಕೊಟ್ಟವರಿಗೆ ಹಾಗೆ ಹೇಳುವ ಹಕ್ಕು ಖಂಡಿತ ಇದೆ. ಆದರೆ ಇರುವಷ್ಟು ಹಣದಲ್ಲಿ ನಿರ್ದೇಶಕರು ಏನನ್ನು ತೋರಿಸಲು ಆರಿಸಿಕೊಂಡರು, ತೋರಿಸಿದ್ದು ರಣರಂಗದ ವಾಸ್ತವಕ್ಕೆ ಎಷ್ಟು ಹತ್ತಿರವಿತ್ತು ಎಂಬ ಪ್ರಶ್ನೆಯನ್ನು ಯಾರೂ ಎತ್ತಿಲ್ಲ. ಭೂಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದ ನನಗೆ ಯುದ್ಧಚಿತ್ರವನ್ನು ಅಳೆಯಲು ಇದಕ್ಕಿಂತ ಸರಿಯಾದ ಮಾನದಂಡ ಕಾಣುವುದಿಲ್ಲ.

ಇರಾಕ್ ಯುದ್ಧದ ಬಾಂಬ್ ನಿಷ್ಕ್ರಿಯ ದಳದ ಕಥೆ ಹೇಳುವ 'ದಿ ಹರ್ಟ್ ಲಾಕರ್' ಚಿತ್ರವನ್ನೇ ತೆಗೆದುಕೊಳ್ಳಿ. ಕ್ಯಾಥರಿನ್ ಬಿಗೆಲೋ ನಿರ್ದೇಶಿಸಿದ ಆ ಚಿತ್ರದ ವೆಚ್ಚ ಸುಮಾರು 1.5 ಕೋಟಿ ಡಾಲರ್. ನಮಗೆ ಅದು ದೊಡ್ಡ ಮೊತ್ತವೆನಿಸಬಹುದು, ಆದರೆ ಹಾಲಿವುಡ್‌ನ ಯುದ್ಧಚಿತ್ರಕ್ಕೆ ಅದು ಬಹಳ ಸಣ್ಣ ಬಂಡವಾಳ. ಅದೇ ವರ್ಷ ಆಸ್ಕರ್ ಕಣದಲ್ಲಿ ಅದಕ್ಕೆ ಎದುರಾಳಿಯಾಗಿದ್ದ 'ಅವತಾರ್'ಗೆ 20 ಕೋಟಿ ಡಾಲರ್‌ಗೂ ಹೆಚ್ಚು ಖರ್ಚಾಗಿತ್ತು. ಬಿಗೆಲೋ ಅವರ ತಂಡ ಜೋರ್ಡಾನ್‌ನ ಸುಡುಬಿಸಿಲಿನಲ್ಲಿ, ಕೈಯಲ್ಲಿ ಹಿಡಿದು ಓಡಾಡಬಹುದಾದ 16 ಎಂಎಂ ಕ್ಯಾಮೆರಾಗಳಲ್ಲಿ ಚಿತ್ರೀಕರಣ ಮಾಡಿತು. 2010ರ ಮಾರ್ಚ್‌ನಲ್ಲಿ ಆ ಚಿತ್ರ ಅತ್ಯುತ್ತಮ ಚಿತ್ರ, ಅತ್ಯುತ್ತಮ ನಿರ್ದೇಶನ ಸೇರಿದಂತೆ ಆರು ಆಸ್ಕರ್‌ಗಳನ್ನು ಪಡೆಯಿತು, ಅವುಗಳಲ್ಲಿ ಎರಡು ಶಬ್ದ ವಿಭಾಗದವು. ಹಣ ಕಡಿಮೆಯಿರುವ ಯುದ್ಧಚಿತ್ರ ಶಬ್ದವನ್ನು ನೆಚ್ಚಿಕೊಳ್ಳಬೇಕಾಗುತ್ತದೆ ಎಂಬುದನ್ನು ಗಮನಿಸಿದವರಿಗೆ ಇದು ಆಶ್ಚರ್ಯದ ಸಂಗತಿಯಲ್ಲ.

ಅದರ ಮೊದಲ ಸ್ಫೋಟವನ್ನು ನೋಡಿದವರಿಗೆ ನನ್ನ ಮಾತು ಅರ್ಥವಾಗುತ್ತದೆ. ಬೆಂಕಿಯ ದೊಡ್ಡ ಉಂಡೆ ಆಕಾಶಕ್ಕೆ ಏಳುವ ಬದಲು, ನೆಲದ ಜಲ್ಲಿಕಲ್ಲು ಒಮ್ಮೆಲೇ ಮೇಲಕ್ಕೆ ಹಾರುತ್ತದೆ, ಪಕ್ಕದಲ್ಲಿ ನಿಂತ ಹಳೆಯ ಕಾರಿನ ಮೇಲಿನ ತುಕ್ಕು ಪುಡಿಪುಡಿಯಾಗಿ ಏಳುತ್ತದೆ. ಸಿಡಿಮದ್ದು ಸಿಡಿದಾಗ ಕೊಲ್ಲುವುದು ಒತ್ತಡದ ಅಲೆ ಮತ್ತು ಚೂರುಗಳು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಚಿತ್ರಗಳು ಕಡಿಮೆ. ಕೈಬಾಂಬ್ ಎಸೆದರೆ ಕೇಸರಿ ಜ್ವಾಲೆ ಎದ್ದು ಜೀಪುಗಳು ಪಲ್ಟಿಯಾಗುವುದು ಚಿತ್ರತಂಡದವರು ಪೆಟ್ರೋಲ್ ಸುರಿದು ಮಾಡುವ ಕೆಲಸ. ನಿಜವಾದ ಗ್ರೆನೇಡ್‌ನಲ್ಲಿ ಕಾಣುವುದು ಧೂಳು ಮತ್ತು ಹೊಗೆ. ಮರುಭೂಮಿಯ ಗುಂಡಿನ ಕಾಳಗದ ದೃಶ್ಯವೂ ಅಂಥದ್ದೇ. ಗಂಟೆಗಟ್ಟಲೆ ಕಾಯುವಿಕೆ, ರೆಪ್ಪೆಯ ಮೇಲೆ ಹರಿದಾಡುವ ನೊಣ, ಸತ್ತ ಜೊತೆಗಾರನ ರಕ್ತ ಮೆತ್ತಿದ ಗುಂಡುಗಳನ್ನು ಉಗುಳು ಹಾಕಿ ಉಜ್ಜಿ ಮತ್ತೆ ತುಂಬುವ ಯುವ ಸೈನಿಕ. ಇದಕ್ಕೆಲ್ಲ ಎಷ್ಟು ಖರ್ಚು ಬಂದೀತು?

ಆದರೂ ಆ ಚಿತ್ರವನ್ನು ಅತ್ಯಂತ ಕಟುವಾಗಿ ಟೀಕಿಸಿದವರಲ್ಲಿ ಇರಾಕ್‌ನಲ್ಲಿ ಕೆಲಸ ಮಾಡಿದ ಸೈನಿಕರೇ ಇದ್ದರು. 2004ರ ಕಥೆಯಲ್ಲಿ ಆಮೇಲೆ ಬಳಕೆಗೆ ಬಂದ ಸಮವಸ್ತ್ರ ಕಾಣುತ್ತದೆ, ಮೂವರೇ ಒಂದು ವಾಹನದಲ್ಲಿ ಬಾಗ್ದಾದ್ ಸುತ್ತುವುದು ಸಾಧ್ಯವಿರಲಿಲ್ಲ, ತಂಡದ ಮುಖ್ಯಸ್ಥ ರಾತ್ರಿ ಒಬ್ಬನೇ ಶಿಬಿರದಿಂದ ಹೊರಬೀಳುವುದು ಕೇವಲ ಕಲ್ಪನೆ ಎಂದು ಅವರು ಹೇಳಿದರು. ಕೆಲವು ವಿಮರ್ಶಕರು ಇದನ್ನು ಸಣ್ಣಪುಟ್ಟ ತಪ್ಪು ಹುಡುಕುವ ಚಟವೆಂದು ಕಡೆಗಣಿಸಿದರು. ನಾನು ಹಾಗೆ ಭಾವಿಸುವುದಿಲ್ಲ. ಬಾಂಬ್ ನಿಷ್ಕ್ರಿಯಗೊಳಿಸುವ ಕೆಲಸದಲ್ಲಿ ಒಬ್ಬನ ಹುಂಬತನ ಇಡೀ ತಂಡವನ್ನು ಕೊಲ್ಲುತ್ತದೆ. ಆದ್ದರಿಂದ ಅಂಥವನನ್ನು ನಾಯಕನಾಗಿ ಮೆರೆಸುವುದರ ಬಗ್ಗೆ ಆ ಸೈನಿಕರು ಎತ್ತಿದ ಆಕ್ಷೇಪ ಚಿತ್ರದ ತಿರುಳಿಗೇ ಸಂಬಂಧಿಸಿದ್ದು. ಚಿತ್ರವನ್ನು ಮೆಚ್ಚಿಕೊಂಡೇ ಈ ಮಾತನ್ನು ಒಪ್ಪಬಹುದು.

2001-02ರಲ್ಲಿ ಪಾಕಿಸ್ತಾನದ ಗಡಿಗೆ ನಮ್ಮ ಸೇನೆ ಜಮಾಯಿಸಿದ ಆಪರೇಷನ್ ಪರಾಕ್ರಮ್ ಸಂದರ್ಭದಲ್ಲಿ ಪಶ್ಚಿಮ ಗಡಿಯುದ್ದಕ್ಕೂ ಹೂತ ನೆಲಬಾಂಬ್‌ಗಳನ್ನು ಆಮೇಲೆ ತೆಗೆದವರು ನಮ್ಮ ಸ್ಯಾಪರ್‌ಗಳು, ಅಂದರೆ ಸೇನೆಯ ಎಂಜಿನಿಯರ್ ದಳಗಳ ಸೈನಿಕರು. ಹೊಟ್ಟೆಯ ಮೇಲೆ ಮಲಗಿ, ಪ್ರಾಡರ್ ಎಂಬ ಮೊನಚಾದ ಸಲಾಕೆಯನ್ನು ಸುಮಾರು 30 ಡಿಗ್ರಿ ಓರೆಯಾಗಿ ನೆಲಕ್ಕೆ ಚುಚ್ಚುತ್ತ, ತುದಿಗೆ ಏನಾದರೂ ತಗುಲಿದರೆ ಅಲ್ಲೇ ನಿಲ್ಲಿಸಿ ಬೆರಳಿನಿಂದ ಮಣ್ಣು ಸರಿಸುತ್ತ ಮುಂದೆ ಸಾಗುವ ಕೆಲಸ ಅದು. ಮೇಲಿನಿಂದ ನೇರವಾಗಿ ಒತ್ತಿದರೆ ಬಾಂಬ್ ಸಿಡಿಯುತ್ತದೆ, ಓರೆಯಾಗಿ ಚುಚ್ಚಿದರೆ ಅದರ ಪಕ್ಕಕ್ಕೆ ತಾಗುತ್ತದೆ. ಒಬ್ಬ ನಟ, ಒಂದು ಹೊಲ, ಒಂದು ಸಲಾಕೆ ಇದ್ದರೆ ಚಿತ್ರೀಕರಿಸಬಹುದಾದ ಈ ದೃಶ್ಯವನ್ನು ನಮ್ಮ ಯುದ್ಧಚಿತ್ರಗಳಲ್ಲಿ ನಾನು ಕಂಡಿಲ್ಲ. ಕೋಟೆಯಂಥ ತಂತಿಬೇಲಿಯನ್ನು ಸಿಡಿಸುವ 'ಬ್ಯಾಂಗಲೋರ್ ಟಾರ್ಪಿಡೊ'ವನ್ನು 1912ರಲ್ಲಿ ಬೆಂಗಳೂರಿನಲ್ಲೇ ನಮ್ಮ ದಳದ ಅಧಿಕಾರಿಯೊಬ್ಬರು ರೂಪಿಸಿದರು. ಎರಡನೇ ಮಹಾಯುದ್ಧದ ನಾರ್ಮಂಡಿ ದಾಳಿಯ ವಿದೇಶಿ ಚಿತ್ರಗಳಲ್ಲಿ ಅದನ್ನು ನೋಡಿ ಚಪ್ಪಾಳೆ ತಟ್ಟುವ ನಮ್ಮವರಿಗೆ ಅದು ಹುಟ್ಟಿದ ಊರು ಯಾವುದೆಂದು ತಿಳಿದಿರುವುದು ಅಪರೂಪ.

ಹಣದ ಕೊರತೆಯನ್ನು ಪ್ರೇಕ್ಷಕರು ಕ್ಷಮಿಸಲಿ ಎಂದು ಕೇಳುವಾಗ, ಹಣವೇ ಬೇಡದ ವಿಷಯಗಳಲ್ಲಿನ ಅಸಡ್ಡೆಯನ್ನು ಕ್ಷಮಿಸಬೇಡಿ ಎಂದೂ ಕೇಳುತ್ತೇನೆ. ಭೂಸೇನೆಯ ಜವಾನ ಅಂಗೈ ಎದುರಿಗೆ ಕಾಣುವಂತೆ ಸೆಲ್ಯೂಟ್ ಮಾಡುತ್ತಾನೆ, ನೌಕಾಪಡೆಯವರು ಅಂಗೈಯನ್ನು ಕೆಳಮುಖವಾಗಿ ಹಿಡಿಯುತ್ತಾರೆ. ಹವಾಲ್ದಾರನ ತೋಳಿನ ಮೇಲೆ ಮೂರು ಪಟ್ಟಿ, ಅವನಿಗಿಂತ ಕೆಳಗಿನ 'ನಾಯಕ್' ದರ್ಜೆಯವನ ತೋಳಿನ ಮೇಲೆ ಎರಡು. ಎಕೆ-47ರ ಮ್ಯಾಗಜಿನ್‌ನಲ್ಲಿ ಸಾಮಾನ್ಯವಾಗಿ ಹಿಡಿಯುವುದು 30 ಗುಂಡು. ಒಂದು ಕಿಲೋಮೀಟರ್ ದೂರದಲ್ಲಿ ಶೆಲ್ ಬಿದ್ದರೆ ಹೊಗೆ ಮೊದಲು ಕಾಣುತ್ತದೆ, ಸದ್ದು ಕೇಳುವುದು ಸುಮಾರು ಮೂರು ಸೆಕೆಂಡು ಕಳೆದ ಮೇಲೆ. 1999ರಲ್ಲಿ ಕಾರ್ಗಿಲ್‌ನ ಯೋಧರು 16 ಸಾವಿರ ಅಡಿ ಎತ್ತರದ ಶಿಖರಗಳನ್ನು ಹತ್ತಿದ್ದರು. ಅಲ್ಲಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಏದುಸಿರು ಬರುತ್ತದೆ, ಓಡುತ್ತ ಉದ್ದುದ್ದ ಸಂಭಾಷಣೆ ಹೇಳಲಾಗುವುದಿಲ್ಲ. ಇವನ್ನು ಸರಿಯಾಗಿ ತೋರಿಸಲು ನಿರ್ಮಾಪಕರ ಜೇಬಿನಿಂದ ಒಂದು ರೂಪಾಯಿಯೂ ಹೆಚ್ಚು ಹೋಗುವುದಿಲ್ಲ.

ಕನ್ನಡದಲ್ಲಿ 1990ರ 'ಮುತ್ತಿನ ಹಾರ' ಆ ಕಾಲಕ್ಕೆ ಸಣ್ಣ ಖರ್ಚಿನ ಚಿತ್ರವೇನೂ ಆಗಿರಲಿಲ್ಲ. ಆದರೂ ಅದನ್ನು ಇಂದಿಗೂ ನೆನೆಯುವವರು ಕೊಡಗಿನ ಆ ಸೈನಿಕ ದಂಪತಿಯ ದುಃಖದ ಬಗ್ಗೆ ಮಾತನಾಡುತ್ತಾರೆಯೇ ಹೊರತು ಅದರ ಸ್ಫೋಟಗಳ ಬಗ್ಗೆ ಅಲ್ಲ.

ಕೊಡಗು, ಹಾಸನ, ಬೆಳಗಾವಿ, ಬಾಗಲಕೋಟೆಗಳಲ್ಲಿ ನಿವೃತ್ತ ಸೈನಿಕರಿಗೆ ಬರವಿಲ್ಲ. ಯುದ್ಧದ ಕಥೆ ಕೈಗೆತ್ತಿಕೊಳ್ಳುವ ಹೊಸ ನಿರ್ದೇಶಕರು ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿದರೆ ನಮ್ಮಂಥವರ ಸಂಪರ್ಕ ಸಿಗುತ್ತದೆ, ನಾವು ಸಂತೋಷದಿಂದ ಬರುತ್ತೇವೆ. ತಮ್ಮಲ್ಲಿ ನನ್ನ ವಿನಂತಿ ಇಷ್ಟೇ: ಮುಂದೆ ಯುದ್ಧಚಿತ್ರವೊಂದು ತೆರೆಗೆ ಬಂದಾಗ, ದೊಡ್ಡ ಬಜೆಟ್‌ನದಿರಲಿ, ಚಿಕ್ಕದಿರಲಿ, ವಿಮರ್ಶಕರ ಬರಹದ ಪಕ್ಕದಲ್ಲೇ ಆ ಕಥೆಯ ಸೇನಾ ವಿಭಾಗದಲ್ಲಿ ದುಡಿದ ಒಬ್ಬ ಮಾಜಿ ಸೈನಿಕರ ಅಭಿಪ್ರಾಯವನ್ನೂ ಪ್ರಕಟಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಹವಾಲ್ದಾರ್, ಸೋಮವಾರಪೇಟೆ