ಐದು ದಿನದ ಕೈಜೆನ್ ಶಿಬಿರ ಇನ್ನು ಬಿಡಿಯಾಗಿ ಇಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಮುಂದಿನ ತ್ರೈಮಾಸಿಕದಿಂದ ಐದು ದಿನದ ಕೈಜೆನ್ (ಕೆಲಸದ ರೀತಿಯನ್ನು ಹಂತಹಂತವಾಗಿ ಸುಧಾರಿಸುವ ಜಪಾನಿ ಪದ್ಧತಿ) ಶಿಬಿರವನ್ನು ಬಿಡಿಯಾಗಿ ನಡೆಸಿಕೊಡುವುದನ್ನು ನಿಲ್ಲಿಸುತ್ತಿದ್ದೇವೆ. ಅದರ ಜಾಗದಲ್ಲಿ ಹದಿನಾರು ವಾರಗಳ ಒಂದೇ ಕಾರ್ಯಕ್ರಮ ಇರುತ್ತದೆ. ಶಿಬಿರ ಅದರೊಳಗೆ ಬರುತ್ತದೆ, ಆದರೆ ಏಳನೇ ವಾರದಲ್ಲಿ. ಅದಕ್ಕೂ ಮುಂಚಿನ ಆರು ವಾರ ತಿದ್ದುವುದು ವ್ಯವಸ್ಥಾಪಕರ ದಿನಚರಿಯನ್ನು.

ಯಾಕೆ ಎನ್ನುವುದಕ್ಕೆ ಡೈ (ಮಾಲಿಗೆ ಆಕಾರ ಕೊಡುವ ಅಚ್ಚು) ಬದಲಾವಣೆಯನ್ನೇ ನೋಡಿ. 40 ನಿಮಿಷ ಹಿಡಿಯುತ್ತಿದ್ದ ಕೆಲಸವನ್ನು ಶಿಬಿರದಲ್ಲಿ 10 ನಿಮಿಷಕ್ಕೆ ಇಳಿಸುವುದು ಅಷ್ಟೇನೂ ಕಷ್ಟವಲ್ಲ. ಯಂತ್ರ ನಿಂತ ಮೇಲೆ ಹುಡುಕುತ್ತಿದ್ದ ಬೋಲ್ಟು, ಸ್ಪ್ಯಾನರು, ಮುಂದಿನ ಡೈ ಎಲ್ಲವನ್ನೂ ಯಂತ್ರ ಓಡುತ್ತಿರುವಾಗಲೇ ತಂದಿಡಬೇಕು. ಉಳಿದ ಕೆಲಸದಲ್ಲಿ ಬಿಗಿಯುವುದು, ಹೊಂದಿಸುವುದು ಸುಲಭವಾಗುವಂತೆ ಮಾಡಬೇಕು. ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ಹಾಕಿಕೊಟ್ಟ ದಾರಿ ಇದು. ದಿನಕ್ಕೆ ಎರಡು ಬದಲಾವಣೆಗೆ ಹೋಗುತ್ತಿದ್ದ 80 ನಿಮಿಷದಲ್ಲಿ ಈಗ ಎಂಟು ಬದಲಾವಣೆ ಮಾಡಬಹುದು, ಲಾಟನ್ನು (ಒಂದೇ ಬಗೆಯ ಮಾಲನ್ನು ಒಂದು ಸಲಕ್ಕೆ ಮಾಡುವ ಪ್ರಮಾಣ) ಕಾಲು ಭಾಗಕ್ಕೆ ಇಳಿಸಬಹುದು. ಆದರೆ ಯಂತ್ರ ಎಷ್ಟು ಹೊತ್ತು ಓಡಿತು ಎಂಬುದರ ಮೇಲೇ ಮೇಲ್ವಿಚಾರಕರನ್ನು ಅಳೆಯುವ ಕಡೆ ಯಾರೂ ಲಾಟು ಚಿಕ್ಕದು ಮಾಡುವುದಿಲ್ಲ. ಮೊದಲಿನಂತೆ ಎರಡೇ ಬದಲಾವಣೆ ಮಾಡಿ, ಉಳಿದ 60 ನಿಮಿಷವೂ ಅದೇ ಮಾಲನ್ನು ಇನ್ನಷ್ಟು ಮಾಡುವುದಕ್ಕೆ ಹೋಗುತ್ತದೆ. ದಾಸ್ತಾನು ಬೆಳೆಯುತ್ತದೆ, ಗ್ರಾಹಕರು ಮೊದಲಿನಷ್ಟೇ ಕಾಯುತ್ತಾರೆ.

ಕಾಯುವ ಅವಧಿಯ ಲೆಕ್ಕ ಸರಳ: ಕೈಯಲ್ಲಿರುವ ಆರ್ಡರುಗಳ ಸಂಖ್ಯೆಯನ್ನು ದಿನಕ್ಕೆ ಮುಗಿಯುವ ಸಂಖ್ಯೆಯಿಂದ ಭಾಗಿಸಿ. 60 ಆರ್ಡರು ಒಳಗಿದ್ದು ದಿನಕ್ಕೆ 12 ಮುಗಿದರೆ ಸರಾಸರಿ ಐದು ದಿನ. ಒಳಗೆ 36 ಮಾತ್ರ ಇರಲಿ ಎಂದು ಮಿತಿ ಹಾಕಿ, ಮುಗಿಯುವ ಸಂಖ್ಯೆ ತಗ್ಗದಂತೆ ನೋಡಿಕೊಂಡರೆ ಮೂರು ದಿನ, ಯಾರೂ ಒಂದು ನಿಮಿಷ ವೇಗವಾಗಿ ದುಡಿಯದೆ. (ಕಚೇರಿಯ ಕಡತಗಳಿಗೂ ಇದೇ ಲೆಕ್ಕ.) ಆ ಮಿತಿಯನ್ನು ಹಾಕುವುದು, ಒತ್ತಡ ಬಂದಾಗಲೂ ಅದನ್ನು ಮೀರದಂತೆ ನೋಡಿಕೊಳ್ಳುವುದು ಮೇಲಿನವರ ಕೆಲಸ. ಕಾರ್ಮಿಕರಿಗೆ ಎಷ್ಟು ತರಬೇತಿ ಕೊಟ್ಟರೂ ಅದು ಅವರ ಕೈಯಲ್ಲಿಲ್ಲ.

ಮೇಲಿನವರ ನಡೆ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ: ಜನರಲ್ ಮೋಟಾರ್ಸ್ 1982ರಲ್ಲಿ ಮುಚ್ಚಿದ್ದ, ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರು ಕಾರ್ಖಾನೆ 1984ರಲ್ಲಿ ಟೊಯೋಟಾ ಜೊತೆಗೂಡಿ ನುಮ್ಮಿ ಹೆಸರಲ್ಲಿ ತೆರೆಯಿತು. ಬಹುಪಾಲು ಕಾರ್ಮಿಕರು ಹಳಬರೇ, ಸಂಘವೂ ಅದೇ. ಆದರೂ ಗುಣಮಟ್ಟ ಬೇರೆಯೇ ಆಯಿತು. ಬದಲಾದದ್ದು, ತೊಂದರೆ ಕಂಡ ಕಾರ್ಮಿಕ ದೀಪ ಹೊತ್ತಿಸಿ ನೆರವು ಕರೆಯಲು ಜೋಡಣೆ ಸಾಲಿನ ಪಕ್ಕದ ಹಗ್ಗ ಎಳೆದಾಗ ಏನಾಗುತ್ತದೆ ಎಂಬುದು. ಎಳೆದ ಕೂಡಲೇ ಸಾಲು ನಿಲ್ಲುವುದಿಲ್ಲ. ತಂಡದ ನಾಯಕ ಓಡಿಬರುತ್ತಾನೆ, ವಾಹನ ಆ ಹಂತದ ಗಡಿ ಮುಟ್ಟುವುದರೊಳಗೆ ಬಗೆಹರಿಯದಿದ್ದರೆ ಮಾತ್ರ ನಿಲ್ಲುತ್ತದೆ. ಅನೇಕ ಸಂಸ್ಥೆಗಳು ಆ ದೀಪವನ್ನು ಕೊಳ್ಳುತ್ತವೆ, ಓಡಿಬರುವವರನ್ನು ನೇಮಿಸುವುದಿಲ್ಲ. ನಾಲ್ಕು ಸಲ ಕರೆದು ಯಾರೂ ಬಾರದಿದ್ದರೆ ಐದನೇ ಸಲ ಯಾರು ಕರೆಯುತ್ತಾರೆ?

ಹಾಗಾಗಿ ಮೊದಲ ಆರು ವಾರದಲ್ಲಿ ಮಾಡುವುದು ಇಷ್ಟು. ಪ್ರತಿ ಪಾಳಿಯ ಆರಂಭದಲ್ಲಿ ಬೋರ್ಡಿನ ಮುಂದೆ ನಿಂತುಕೊಂಡೇ ಹತ್ತು ನಿಮಿಷದ ಸಭೆ: ನಿನ್ನೆಯ ಗುರಿ, ಆದದ್ದು, ವ್ಯತ್ಯಾಸಕ್ಕೆ ಕಾರಣ, ಯಾರು ಯಾವತ್ತಿಗೆ ಸರಿಪಡಿಸುತ್ತಾರೆ. ಅಂಕಿಗಳನ್ನು ತಂಡದವರೇ ಕೈಯಲ್ಲಿ ಬರೆಯಬೇಕು. ಕಂಪ್ಯೂಟರಿನಿಂದ ಮುದ್ರಿಸಿ ಅಂಟಿಸಿದ್ದನ್ನು ಯಾರೂ ಓದುವುದಿಲ್ಲ. ತಂಡದಲ್ಲಿ ಬಗೆಹರಿಯದ್ದು ಅದೇ ದಿನ ಮೇಲಿನ ಹಂತದ ಸಭೆಗೆ ಹೋಗಬೇಕು, 24 ಗಂಟೆಯೊಳಗೆ ಉತ್ತರ ಬೋರ್ಡಿಗೆ ಮರಳಬೇಕು. 'ಸದ್ಯಕ್ಕೆ ಆಗುವುದಿಲ್ಲ, ಕಾರಣ ಇದು' ಎಂಬುದೂ ಉತ್ತರವೇ. ಮೌನ ಉತ್ತರವಲ್ಲ.

ಇದರ ಜೊತೆಗೆ ಮುಖ್ಯಸ್ಥರು ದಿನಕ್ಕೆ 30 ನಿಮಿಷ ಕೆಲಸದ ಜಾಗದಲ್ಲಿ ನಿಂತು ಮೂರು ಪ್ರಶ್ನೆ ಕೇಳಬೇಕು: ಇಲ್ಲಿ ಹೇಗೆ ಆಗಬೇಕಿತ್ತು, ಈಗ ಹೇಗೆ ಆಗುತ್ತಿದೆ, ವ್ಯತ್ಯಾಸ ಏಕೆ? ಸಲಹೆ ಕೊಡಕೂಡದು. ಅನುಭವಿಗಳಿಗೆ ಇದೇ ಅತ್ಯಂತ ಕಷ್ಟ. ಉತ್ತರ ಗೊತ್ತಿದ್ದೂ ಬಾಯಿ ಕಟ್ಟಿಕೊಳ್ಳಬೇಕು. ಅಲ್ಲೇ ಪರಿಹಾರ ಹೇಳಿಬಿಟ್ಟರೆ ಮರುದಿನದಿಂದ ಎಲ್ಲರೂ ಅವರಿಗಾಗಿಯೇ ಕಾದು ಕೂರುತ್ತಾರೆ.

ಬೋರ್ಡಿನಲ್ಲಿ ಗುರಿ ಮುಟ್ಟಿದ್ದು ಹಸಿರು, ತಪ್ಪಿದ್ದು ಕೆಂಪು. ಮೂರನೇ ವಾರದ ಹೊತ್ತಿಗೆ ಬರೀ ಹಸಿರು ಕಂಡರೆ ನಾವು ಸಂತೋಷಪಡುವುದಿಲ್ಲ. ಕೆಂಪು ಬರೆದವರಿಗೆ ಬೈಗುಳ ಸಿಕ್ಕಿರಬೇಕು, ಇಲ್ಲವೇ ಗುರಿಯನ್ನೇ ಸಡಿಲಿಸಿರಬೇಕು.

ಒಪ್ಪಂದಕ್ಕೆ ಮುಂಚೆ ನಿಮ್ಮಿಂದ ಮೂರು ವಿಷಯ ಬೇಕು. ಸುಧಾರಣೆಯಿಂದ ಕೆಲಸ ಕಡಿಮೆಯಾದ ಕಾರಣಕ್ಕೆ ಯಾರನ್ನೂ ತೆಗೆಯುವುದಿಲ್ಲ ಎಂಬ ಲಿಖಿತ ಭರವಸೆ. ಇದಿಲ್ಲದೆ ಸಮಯ ಉಳಿಸುವ ಉಪಾಯವನ್ನು ಯಾರೂ ಬಾಯಿಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಮುಖ್ಯಸ್ಥರ ದಿನಚರಿಯಲ್ಲಿ ಆ 30 ನಿಮಿಷ ಕಾದಿರಿಸಬೇಕು, ಬದಲಿಗೆ ಗುಣಮಟ್ಟ ವಿಭಾಗದವರನ್ನು ಕಳಿಸುವಂತಿಲ್ಲ. ಮತ್ತು ಆರಂಭಕ್ಕೆ ಒಂದೇ ಸಾಲು ಅಥವಾ ಒಂದೇ ವಿಭಾಗ. ಇಡೀ ಸಂಸ್ಥೆಯಲ್ಲಿ ಏಕಕಾಲಕ್ಕೆ ಎನ್ನುವ ಆರಂಭಶೂರತನಕ್ಕೆ ನಾವು ಜೊತೆಯಾಗುವುದಿಲ್ಲ.

ಈಗಾಗಲೇ ಬಿಡಿ ಶಿಬಿರಕ್ಕೆ ಸಹಿ ಮಾಡಿರುವವರಿಗೆ ಹಳೆಯ ಷರತ್ತಿನಂತೆಯೇ ನಡೆಸಿಕೊಡುತ್ತೇವೆ. ಹೊಸ ಕಾರ್ಯಕ್ರಮಕ್ಕೆ ಬದಲಾಯಿಸಿಕೊಳ್ಳುವವರು ಮೊದಲ ಭೇಟಿಗೆ ಎರಡು ವಾರ ಮುಂಚೆ ಆಯ್ದ ಸಾಲಿನ ದಿನವಾರು ಗುರಿ, ಮುಗಿದ ಸಂಖ್ಯೆ, ಬಾಕಿ ಉಳಿದ ಸಂಖ್ಯೆ, ಪಾಳಿಯ ಅವಧಿ ಮತ್ತು ವಿರಾಮಗಳನ್ನು ಬರೆದು ಕಳಿಸಿ. ಕೈಬರಹದ ಹಾಳೆಯೂ ಆದೀತು. ಅಂದಗೊಳಿಸಿದ ವರದಿ ಬೇಡ.

ಇಂತಿ,
ಸಂಸ್ಥೆಯ ಪಾಲುದಾರರು