ಇಲಿಯ ಮೇಲೆ ಹಾಕಿದ ತಪ್ಪು

ಬೆಟಗೇರಿ, ಗದಗ

ಚಿ. ಸುಮಾಳಿಗೆ ನಿನ್ನ ಕಾಕಾನ ಆಶೀರ್ವಾದಗಳು.

ನಿನ್ನ ಪತ್ರ ಎರಡು ಸಲ ಓದಿದೆ. ಹಾಸ್ಟೆಲ್ ಊಟದ ಸುದ್ದಿ ಇರಲಿ. ಕೊನೆಗೆ ಬರೆದಿದ್ದೀಯಲ್ಲ, ‘ನಾಳೆ ವೈರಿಂಗ್ ಮಾಡುವಾಗ ನನ್ನ ಲೆಕ್ಕ ತಪ್ಪಿ ಯಾರದಾದರೂ ಮನೆ ಸುಟ್ಟರೆ ಏನು ಮಾಡಲಿ ಕಾಕಾ’ ಅಂತ, ಅದನ್ನು ಓದಿದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ.

ಬಲ್ಬಿನ ಲೆಕ್ಕ ನೀನು ತಪ್ಪಿಲ್ಲ ತಂಗಿ. 230 ವೋಲ್ಟು, 0.43 ಆಂಪಿಯರು. ಭಾಗಿಸಿದರೆ ರೆಸಿಸ್ಟನ್ಸು, ಅಂದರೆ ಕರೆಂಟಿಗೆ ತಂತಿ ಒಡ್ಡುವ ಅಡ್ಡಿ, 535 ಓಮ್. ಗುಣಿಸಿದರೆ ಪವರ್ 99 ವ್ಯಾಟ್. 100 ವ್ಯಾಟಿನ ಬಲ್ಬಿಗೆ ಇನ್ನೇನು ಬೇಕು? ಬಲ್ಬು ಬಿಚ್ಚಿ ಮೀಟರ್ ಹಚ್ಚಿದರೆ ಬರೀ 40 ಓಮ್ ತೋರಿಸಿತು ಅಂತ ಗಾಬರಿಯಾಗಿದ್ದೀಯ. ಅದು ಬಲ್ಬಿನೊಳಗಿನ ತಂತಿ ತಣ್ಣಗಿರುವಾಗಿನ ರೆಸಿಸ್ಟನ್ಸು. ಉರಿಯುವಾಗ ಅದೇ ತಂತಿ ಎರಡೂವರೆ ಸಾವಿರ ಡಿಗ್ರಿ ಹತ್ತಿರ ಕಾಯುತ್ತದೆ. ಕಾದಷ್ಟೂ ಕರೆಂಟಿಗೆ ಅಡ್ಡ ನಿಲ್ಲುತ್ತದೆ. ಎರಡೂ ಖರೆ. ಹಳೇ ಬಲ್ಬು ಸ್ವಿಚ್ ಒತ್ತಿದ ಕೂಡಲೇ ಟಪ್ ಅಂತ ಹೋಗೋದು ಇದಕ್ಕೇ, ತಣ್ಣಗಿದ್ದಾಗ ಒಮ್ಮೆಲೇ ಜಾಸ್ತಿ ಕರೆಂಟು ನುಗ್ಗುತ್ತದೆ.

ಆದರೆ ನಿನ್ನ ಭಯ ಬಲ್ಬಿಂದಲ್ಲ, ಅಲ್ವಾ?

1994ರಲ್ಲಿ ಬ್ಯಾಡಗಿಯ ಒಂದು ಮೆಣಸಿನಕಾಯಿ ಗೋದಾಮಿಗೆ ನಾನು ವೈರಿಂಗ್ ಮಾಡಿದ್ದೆ. ಲೋಡ್, ಅಂದರೆ ಒಟ್ಟು ಎಷ್ಟು ಕರೆಂಟು ಬೇಕು ಅಂತ ಕೂಡಿಸಿದ್ದು ಸರಿ, ವೈರಿನ ಗಾತ್ರವೂ ಸರಿ. ಹೊತ್ತು ಮುಳುಗಿತ್ತು, ಗದಗಿನ ಬಸ್ಸು ತಪ್ಪುತ್ತಿತ್ತು. ಎರಡು ವೈರು ಕೂಡುವ ಕೊನೆಯ ಒಂದು ಜಾಯಿಂಟನ್ನು ಕೈಯಲ್ಲೇ ತಿರುವಿ ಟೇಪ್ ಸುತ್ತಿ ಬಂದೆ. ಮೂರು ತಿಂಗಳಿಗೆ ಅಲ್ಲೇ ಹೊತ್ತಿಕೊಂಡಿತು. ಹನ್ನೊಂದು ಚೀಲ ಹೋದವು. ಮೆಣಸಿನಕಾಯಿ ಸುಟ್ಟ ಹೊಗೆ ಹೇಗಿರುತ್ತದೆ ಗೊತ್ತಲ್ಲ, ಓಣಿಯ ಮಂದಿಯೆಲ್ಲ ಕೆಮ್ಮುತ್ತಾ ರಸ್ತೆಗೆ ಬಂದಿದ್ದರು. ಪುಣ್ಯಕ್ಕೆ ಜೀವಕ್ಕೇನೂ ಆಗಲಿಲ್ಲ.

ಮಾಲೀಕರು ಕೇಳಿದಾಗ ನಾನು, ‘ಇಲಿ ವೈರ್ ಕಡಿದಿರಬೇಕು’ ಅಂದೆ. ಅವರು ನಂಬಿದರು. ಇದು ನಿಮ್ಮಪ್ಪನಿಗೂ ಗೊತ್ತಿಲ್ಲ.

ಲೆಕ್ಕ ನಾನು ಆಮೇಲೆ ಮಾಡಿದೆ. ಸಡಿಲ ಜಾಯಿಂಟಿಗೆ ಅರ್ಧ ಓಮ್ ಅಂತ ಹಿಡಿ. 10 ಆಂಪಿಯರ್ ಹರಿದರೆ ಅಲ್ಲಿ 5 ವೋಲ್ಟ್ ಬೀಳುತ್ತದೆ. ಐದು ವೋಲ್ಟು ಕಡಿಮೆಯಾದರೆ ದೀಪ ನೋಡಿ ಯಾರಿಗೂ ಗೊತ್ತಾಗಲ್ಲ. ಆದರೆ ಐದನ್ನು ಹತ್ತರಿಂದ ಗುಣಿಸು, 50 ವ್ಯಾಟ್ ಬಿಸಿ ಆ ಜಾಯಿಂಟಿನಲ್ಲೇ. ಬೆಸುಗೆ ಹಾಕುವ ನನ್ನ ಸೋಲ್ಡರಿಂಗ್ ಐರನ್ 25 ವ್ಯಾಟಿಂದು. ಅಂಥವು ಎರಡನ್ನು ಟೇಪಿನೊಳಗೆ ಸುತ್ತಿಟ್ಟು ಹಗಲೂ ರಾತ್ರಿ ಬಿಟ್ಟ ಹಾಗೆ.

ಹಾಗಾಗಿ ತಂಗಿ, ನೀನು ಹೆದರಿದ್ದು ನನಗೆ ತಪ್ಪು ಅನ್ನಿಸಲಿಲ್ಲ. ಅವತ್ತು ನನಗೆ ಬಸ್ಸಿನ ಭಯ ಇತ್ತು, ಬೆಂಕಿಯ ಭಯ ಇರಲಿಲ್ಲ.

ಏನು ಮಾಡಲಿ ಅಂತ ಕೇಳಿದ್ದೀಯ. ನಾನು ಹೇಳೋದು ನಿಮ್ಮ ಪುಸ್ತಕದಲ್ಲೇ ಇರಬಹುದು. ಸ್ಕ್ರೂ ಬಿಗಿ ಮಾಡಿದ ಮೇಲೆ ವೈರ್ ಒಮ್ಮೆ ಎಳೆದು ನೋಡು. ಲೋಡ್ ಹಾಕಿ ಅರ್ಧ ಗಂಟೆ ಅಲ್ಲೇ ಕೂತಿರು, ಚಹಾ ಕೊಟ್ಟರೆ ಕುಡಿ. ಆಮೇಲೆ ಬೋರ್ಡಿನ ಮುಚ್ಚಳಕ್ಕೆ ಹೊರಗಿಂದ ಕೈ ಇಟ್ಟು ನೋಡು. ಬಿಸಿ ಇದ್ದರೆ ಮೇನ್ ಆಫ್ ಮಾಡಿಯೇ ಬಿಚ್ಚು. ಇಷ್ಟೇ ನನಗೆ ತಿಳಿದಿದ್ದು.

ಆ ಸುಟ್ಟ ಜಾಯಿಂಟನ್ನು ಬೆಂಕಿ ಬಿದ್ದ ಮೇಲೆ ಕತ್ತರಿಸಿ ಜೇಬಿಗೆ ಹಾಕಿಕೊಂಡಿದ್ದೆ. ಸ್ಕ್ರೂ ಡಬ್ಬಿಯಲ್ಲಿ ಇನ್ನೂ ಇದೆ, ಟೇಪ್ ಕರಗಿ ಬೆಲ್ಲದ ಪಾಕದ ಹಾಗೆ ಅಂಟಿದೆ. ಪಂಚಮಿಗೆ ಬಂದಾಗ ತೋರಿಸುತ್ತೇನೆ.

ನಿನ್ನ ಕಾಕಾ